ಪರದೇಶದ ಕಳೆಗಳೂ ನೆಲದೊಳಗಿನ ಜೀವರಾಶಿಯೂ

ಕಳೆಗಳ ವಿಷಯವಾಗಿ ಭೂಮಾಲೀಕರು ಇಲಾಖೆಯವರಿಗೆ ಹೇಳುವ ದೂರುಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುವುದು. “ಬೀಳುಬಿದ್ದಿದ್ದ ಹೊಲದಲ್ಲಿ ಕಾಂಗ್ರೆಸ್ ಗಿಡವನ್ನೆಲ್ಲ ಕೀಳಿಸಿದೆವು, ಎರಡು ಬಾರಿ ಉತ್ತು ಒಳ್ಳೆಯ ಬೀಜವನ್ನೇ ಬಿತ್ತಿದೆವು, ಮಳೆಯೂ ಕಾಲಕ್ಕೆ ಸರಿಯಾಗಿ ಬಂದಿತು. ಆದರೂ ಅವರೆ, ತೊಗರಿ ಮುಂತಾದುವು ಹಳದಿಗೆ ತಿರುಗಿ ಮೇಲೇಳಲಿಲ್ಲ. ಕಳೆಯೇ ಇಲ್ಲದ ಮೇಲೆ ಇದಕ್ಕೆ ಕಾರಣವೇನು?” ಎಂಬುದೇ ಆ ಮಾತು. ಈ ಪ್ರಶ್ನೆಯು ಯುಕ್ತವಾದದ್ದು. ಇದಕ್ಕೆ ಉತ್ತರವು ನೆಲದ ಮೇಲೆ ದೊರೆಯುವುದಿಲ್ಲ, ನೆಲದೊಳಗೆ ಹುಡುಕಬೇಕು.

ಕಳೆಯು ಪೈರಿನ ನೀರು, ಗೊಬ್ಬರ, ಬೆಳಕುಗಳನ್ನು ಅಪಹರಿಸುವುದೆಂಬುದನ್ನು ತಿಳಿಯದ ಬೇಸಾಯಗಾರನಿಲ್ಲ. ಆದರೆ ಪರದೇಶಗಳಿಂದ ಬಂದು ನಮ್ಮ ಸೀಮೆಯಲ್ಲಿ ಹಬ್ಬಿರುವ ಕೆಲವು ಗಿಡಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಮಣ್ಣಿನಲ್ಲಿ ವಾಸಮಾಡುವ ಕಣ್ಣಿಗೆ ಕಾಣದ ಜೀವಿಗಳ ಗುಂಪನ್ನೇ ಅವು ಬದಲಾಯಿಸುವುವು. ಗಿಡವನ್ನು ಕಿತ್ತ ದಿನವೇ ಈ ಬದಲಾವಣೆಯು ಸರಿಹೋಗುವುದಿಲ್ಲವಾದ್ದರಿಂದ, ಕಳೆಯನ್ನು ಕೀಳುವುದು ಅರ್ಧ ಕೆಲಸವೆಂದೂ, ಮಣ್ಣಿಗೆ ಅದರ ಜೀವವನ್ನು ಹಿಂದಕ್ಕೆ ಕೊಡುವುದು ಉಳಿದರ್ಧವೆಂದೂ ಭಾವಿಸತಕ್ಕದ್ದು. ಈ ವಿಷಯವನ್ನು ಕ್ರಮವಾಗಿ ವಿವರಿಸುವುದೇ ಈ ಪಾಠದ ಉದ್ದೇಶ.

೧. ನೆಲದೊಳಗಿನ ಕೆಲಸಗಾರರು

ಫಲವತ್ತಾದ ಮಣ್ಣು ಕೇವಲ ಕಲ್ಲಿನ ಪುಡಿಯಲ್ಲ. ಅಂತಹ ಮಣ್ಣಿನ ಒಂದು ಗ್ರಾಂ ತೂಕದಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳಿರುವುವು. ಇವಲ್ಲದೆ ಬೂಷ್ಟಿನ ಜಾತಿಯ ಶಿಲೀಂಧ್ರಗಳು, ಸೂಕ್ಷ್ಮವಾದ ಹುಳುಗಳು, ಗೆದ್ದಲು, ಎರೆಹುಳು ಮೊದಲಾದುವೂ ಉಂಟು. ಇವುಗಳಲ್ಲಿ ಬೇಸಾಯಗಾರನು ಮುಖ್ಯವಾಗಿ ತಿಳಿದಿರಬೇಕಾದ ಗುಂಪುಗಳು ನಾಲ್ಕು.

ಮೊದಲನೆಯದು, ದ್ವಿದಳ ಧಾನ್ಯಗಳ ಬೇರುಗಳಲ್ಲಿ ಗಂಟುಕಟ್ಟಿ ವಾಸಿಸುವ ರೈಜೋಬಿಯಂ ಎಂಬ ಸೂಕ್ಷ್ಮಾಣು. ಇದು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದು. ನೆಲಗಡಲೆ, ತೊಗರಿ, ಅವರೆ, ಹುರುಳಿ, ಹೆಸರು, ಅಲಸಂದೆಗಳು ಬಡ ಭೂಮಿಯಲ್ಲಿಯೂ ಒಂದಿಷ್ಟು ಫಲ ಕೊಡುವುದು ಇದರ ದೆಸೆಯಿಂದ. ಎರಡನೆಯದು, ಗೊಬ್ಬರವು ಕೊಳೆತಾಗ ಹುಟ್ಟುವ ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು. ಹೊಲದ ಪೈರುಗಳು ಸಾರಜನಕವನ್ನು ಬಹುಮಟ್ಟಿಗೆ ಈ ರೂಪದಲ್ಲಿಯೇ ಹೀರಿಕೊಳ್ಳುವುವು. ಮೂರನೆಯದು, ಬೇರಿನೊಡನೆ ಸ್ನೇಹದಿಂದ ಬಾಳುವ ಶಿಲೀಂಧ್ರ. ಇದರ ಎಳೆಗಳು ಬೇರಿಗೆ ಎಟುಕದಷ್ಟು ದೂರಕ್ಕೆ ಹರಡಿ ರಂಜಕವನ್ನು ತಂದುಕೊಡುವುವು. ಗಿಡವು ಅದಕ್ಕೆ ಪ್ರತಿಯಾಗಿ ತನ್ನ ಸಕ್ಕರೆಯಲ್ಲಿ ಪಾಲು ಕೊಡುವುದು. ನಾಲ್ಕನೆಯದು, ಬೇರನ್ನು ಕೊಳೆಯಿಸಿ ಸೊರಗುರೋಗವನ್ನು ತರುವ ಶತ್ರು ಶಿಲೀಂಧ್ರಗಳು. ಫ್ಯುಸೇರಿಯಂ ಎಂಬುದು ಇವುಗಳಲ್ಲಿ ಒಂದು.

ಮೊದಲಿನ ಮೂರು ಗುಂಪುಗಳು ರೈತನಿಗೆ ಸಂಬಳವಿಲ್ಲದ ಆಳುಗಳು. ನಾಲ್ಕನೆಯದು ಎಲ್ಲ ನೆಲದಲ್ಲಿಯೂ ಅಷ್ಟಿಷ್ಟು ಇದ್ದೇ ಇರುವುದು. ಮಿಕ್ಕ ಜೀವಿಗಳು ಪುಷ್ಟವಾಗಿರುವವರೆಗೆ ಅದರ ಕೈ ಮೇಲಾಗುವುದಿಲ್ಲ. ಈ ಸಮತೂಕವನ್ನು ಕೆಡಿಸುವುದರಲ್ಲಿಯೇ ಪರದೇಶದ ಕಳೆಗಳ ಬಲವಿರುವುದು. ಅವು ಕೆಡಿಸುವ ದಾರಿಗಳು ಮೂರು ಬಗೆ. ಒಂದೊಂದು ಬಗೆಗೂ ನಮ್ಮ ಸುತ್ತಮುತ್ತಲೇ ಉದಾಹರಣೆಯುಂಟು.

೨. ಮಿತ್ರರನ್ನು ಕುಂದಿಸುವುದು: ಕಾಂಗ್ರೆಸ್ ಕಳೆ

ಪಾರ್ಥೇನಿಯಂ ಎಂದು ಶಾಸ್ತ್ರಜ್ಞರು ಕರೆಯುವ ಈ ಗಿಡದ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ನಮ್ಮ ದೇಶದಲ್ಲಿ ಇದು ೧೯೫೫ರಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದಿತು. ಆಮದು ಮಾಡಿದ ಗೋಧಿಯೊಡನೆ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಒಂದೊಂದು ಗಿಡವೂ ೧೫,೦೦೦ದಿಂದ ೨೫,೦೦೦ದವರೆಗೆ ಬೀಜ ಬಿಡಬಲ್ಲದಾದ್ದರಿಂದ, ಕೆಲವೇ ದಶಕಗಳಲ್ಲಿ ರಸ್ತೆಯ ಅಂಚು, ಗೋಮಾಳ, ಕೆರೆಯ ಅಂಗಳ, ಬೀಳುಭೂಮಿಗಳೆಲ್ಲ ಇದರ ವಶವಾದುವು.

ಇದರ ಬೇರು, ಎಲೆ, ಕಾಂಡ, ಹೂಗಳಲ್ಲಿ ಪಾರ್ಥೆನಿನ್ ಎಂಬ ಕಹಿವಸ್ತುವೂ ಕೆಲವು ಆಮ್ಲಗಳೂ ಇರುವುವು. ಮಳೆಯ ನೀರು ಎಲೆಯ ಮೇಲಿಂದ ಇಳಿಯುವಾಗಲೂ, ಉದುರಿದ ಎಲೆ ಕೊಳೆಯುವಾಗಲೂ, ಬೇರು ಜಿನುಗುವಾಗಲೂ ಇವು ಮಣ್ಣನ್ನು ಸೇರುವುವು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕಾಂಚನ್ ಮತ್ತು ಜಯಚಂದ್ರ ಎಂಬ ಸಸ್ಯಶಾಸ್ತ್ರಜ್ಞರು ೧೯೭೯ರಿಂದ ೧೯೮೧ರವರೆಗೆ ಪ್ರಕಟಿಸಿದ ಲೇಖನಗಳಲ್ಲಿ ಈ ವಿಷಯವನ್ನು ವಿಶದಪಡಿಸಿರುವರು. ಈ ವಸ್ತುಗಳು ಇತರ ಗಿಡಗಳ ಬೆಳವಣಿಗೆಯನ್ನು ತಡೆಯುವುದಲ್ಲದೆ, ಸಾರಜನಕವನ್ನು ಹಿಡಿಯುವ ಸೂಕ್ಷ್ಮಾಣುಗಳಿಗೂ ಅಮೋನಿಯವನ್ನು ಮಾರ್ಪಡಿಸುವ ಸೂಕ್ಷ್ಮಾಣುಗಳಿಗೂ ಬಾಧಕವೆಂದು ಅವರ ಪರೀಕ್ಷೆಗಳಿಂದ ತಿಳಿದುಬಂದಿತು.

ಇದರಿಂದ ಮೇಲೆ ಹೇಳಿದ ದೂರಿನ ಅರ್ಥವು ಸ್ಪಷ್ಟವಾಗುವುದು. ವರ್ಷಗಟ್ಟಲೆ ಈ ಕಳೆಯೇ ತುಂಬಿದ್ದ ನೆಲದಲ್ಲಿ ಅವರೆಯ ಬೇರಿಗೆ ಗಂಟುಕಟ್ಟುವ ಸೂಕ್ಷ್ಮಾಣುಗಳು ಕಡಮೆಯಾಗಿರಬಹುದು. ಅವುಗಳಿಗೆ ಆಶ್ರಯ ಕೊಡತಕ್ಕ ದ್ವಿದಳ ಗಿಡಗಳೂ ಅಲ್ಲಿ ಬಹುಕಾಲ ಬೆಳೆದಿರುವುದಿಲ್ಲ. ಆಳುಗಳಿಲ್ಲದ ಮನೆಯಲ್ಲಿ ಕೆಲಸ ನಿಲ್ಲುವಂತೆ ಗಿಡವು ಹಳದಿಗೆ ತಿರುಗಿ ನಿಲ್ಲುವುದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳುವುದು ಅವಶ್ಯಕ. ಪ್ರಯೋಗಶಾಲೆಯಲ್ಲಿ ಗಿಡದ ಕಷಾಯವನ್ನು ಸುರಿದು ಕಂಡ ಫಲವೆಲ್ಲವೂ ಹೊಲದಲ್ಲಿ ಅದೇ ಪ್ರಮಾಣದಲ್ಲಿ ಕಂಡುಬರುವುದೆಂದು ಎಣಿಸಬಾರದು. ಪಾರ್ಥೆನಿನ್ ಎಂಬುದು ಮಣ್ಣಿನಲ್ಲಿ ಚಿರಕಾಲ ಉಳಿಯುವ ವಿಷವೂ ಅಲ್ಲ. ಜೀವವುಳ್ಳ ಮಣ್ಣಿನಲ್ಲಿ ಸೂಕ್ಷ್ಮಾಣುಗಳೇ ಅದನ್ನು ಒಡೆದು ನಿರ್ವಿಷಮಾಡುವುವು. ಜೀವವನ್ನು ಕೊಂದ ಮಣ್ಣಿನಲ್ಲಿ ಅದು ಹೆಚ್ಚು ಕಾಲ ನಿಲ್ಲುವುದು. ಆದಕಾರಣ ಮಣ್ಣಿನ ಜೀವವೇ ಈ ಕಳೆಯ ಹಾನಿಗೆ ಗುರಿಯೂ ಹೌದು, ಔಷಧವೂ ಹೌದು. ಈ ಒಂದು ತತ್ತ್ವವನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

೩. ಶತ್ರುಗಳನ್ನು ಸಾಕುವುದು: ಯುಪಟೋರಿಯಂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಯುಪಟೋರಿಯಂ ಎಂದೂ, ಕೆಲವೆಡೆ ಕಮ್ಯುನಿಸ್ಟ್ ಗಿಡವೆಂದೂ ಹೆಸರಾದ ಪೊದೆಯನ್ನು ಎಲ್ಲರೂ ಬಲ್ಲರು. ಇದೂ ಅಮೆರಿಕ ಖಂಡದಿಂದಲೇ ಬಂದದ್ದು. ಕಾಡು ಕಡಿದ ಜಾಗ, ತೋಟದ ಅಂಚು, ಬೆಟ್ಟದ ಇಳಿಜಾರುಗಳಲ್ಲಿ ಒಮ್ಮೆ ನೆಲೆಯೂರಿದರೆ ಬೇರೆ ಗಿಡಗಳನ್ನು ಮೇಲೇಳಗೊಡಿಸುವುದಿಲ್ಲ.

ಪಶ್ಚಿಮಘಟ್ಟಗಳಲ್ಲಿ ಈ ಗಿಡದ ಬುಡದ ಮಣ್ಣನ್ನು ಪರೀಕ್ಷಿಸಿ, ಮಾಂಗ್ಲಾ ಮತ್ತು ಕ್ಯಾಲವೇ ಎಂಬುವರೂ ಅವರ ಸಂಗಡಿಗರೂ ೨೦೦೮ರಲ್ಲಿ ಪ್ರಕಟಿಸಿದ ಸಂಗತಿಯು ಗಮನಾರ್ಹವಾದದ್ದು. ಗಿಡದ ಬುಡದ ಮಣ್ಣಿನಲ್ಲಿ ಫ್ಯುಸೇರಿಯಂ ಶಿಲೀಂಧ್ರದ ಬೀಜಕಣಗಳು, ೨೦ ಮೀಟರ್ ದೂರದ ಮಣ್ಣಿನಲ್ಲಿದ್ದುದಕ್ಕಿಂತ ೨೫ ಪಟ್ಟಿಗೂ ಅಧಿಕವಾಗಿದ್ದುವು. ಆ ಮಣ್ಣಿನಲ್ಲಿ ಇತರ ಗಿಡಗಳು ಕುಗ್ಗಿದುವು. ಆದರೆ ಅದೇ ಮಣ್ಣನ್ನು ಕಾಯಿಸಿ ಜೀವಿಗಳನ್ನು ನಾಶಪಡಿಸಿದ ಮೇಲೆ ಆ ಹಾನಿಯು ಕಾಣಲಿಲ್ಲ. ಕಳೆಯಿಲ್ಲದ ಮಣ್ಣಿಗೆ ಈ ಗಿಡದ ಬೇರಿನ ರಸವನ್ನು ಬೆರಸಿದಾಗ ಅಲ್ಲಿಯೂ ಬೀಜಕಣಗಳು ಹತ್ತು ಪಟ್ಟಿಗೂ ಮೀರಿ ಹೆಚ್ಚಿದುವು.

ಇದರ ತಾತ್ಪರ್ಯವೇನೆಂದರೆ, ಈ ಗಿಡವು ತಾನೇ ನೆರೆಯ ಗಿಡವನ್ನು ಕೊಲ್ಲುವುದಕ್ಕಿಂತ, ನೆಲದಲ್ಲಿ ಮೊದಲೇ ಇದ್ದ ಶತ್ರುವಿಗೆ ಅನ್ನವಿಕ್ಕಿ ಬೆಳೆಸಿ, ಅದರ ಕೈಯಿಂದ ನೆರೆಯವರನ್ನು ಹೊಡೆಸುವುದು. ಪೊದೆಯನ್ನು ಕಡಿದ ಮಾತ್ರಕ್ಕೆ ಈ ಬೀಜಕಣಗಳು ಮಾಯವಾಗುವುದಿಲ್ಲ. ಆದಕಾರಣ ಪೊದೆ ಕಡಿದು ಅದೇ ಗುಂಡಿಯಲ್ಲಿ ಎಳೆಯ ಸಸಿಯನ್ನು ನೆಟ್ಟು, ಅದು ಸೊರಗಿದಾಗ ಸಸಿಯ ದೋಷವೆಂದು ಹೇಳುವುದಕ್ಕೆ ಮೊದಲು, ಮಣ್ಣಿನ ಸ್ಥಿತಿಯನ್ನು ವಿಚಾರಿಸಬೇಕು.

೪. ಆಹಾರದ ಕ್ರಮವನ್ನು ಬದಲಿಸುವುದು: ಲಂಟಾನ ಮತ್ತು ಬಳ್ಳಾರಿ ಜಾಲಿ

ಮೂರನೆಯ ಬಗೆಯು ಮೋಸಗೊಳಿಸತಕ್ಕದ್ದು. ಏಕೆಂದರೆ ಇಲ್ಲಿ ಮಣ್ಣು ಬಡವಾಗುವುದರ ಬದಲಾಗಿ ಪುಷ್ಟವಾದಂತೆ ತೋರುವುದು. ಲಂಟಾನವು ಹೂವಿನ ಚೆಲುವಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಗಿಡ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ೧೯೯೭ರಲ್ಲಿ ಪರೀಕ್ಷಿಸಿದ ತಾಣಗಳ ಪೈಕಿ ನೂರಕ್ಕೆ ಸುಮಾರು ೪೦ರಲ್ಲಿದ್ದ ಇದು, ೨೦೦೮ರ ವೇಳೆಗೆ ಸುಮಾರು ೮೦ರಲ್ಲಿ ಕಂಡುಬಂದಿತು. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದವರು ವಿಂಧ್ಯ ಪ್ರದೇಶದ ಒಣಕಾಡುಗಳಲ್ಲಿ ನಡೆಸಿದ ಪರಿಶೀಲನೆಯಿಂದ, ಲಂಟಾನದ ಪೊದೆಯ ಕೆಳಗೆ ತರಗು ಬೇಗ ಕೊಳೆತು, ಗಿಡಗಳಿಗೆ ದೊರೆಯುವ ಸಾರಜನಕವು ಅಧಿಕವಾಗುವುದೆಂದು ತಿಳಿದುಬಂದಿದೆ. ಆದರೆ ಆ ದಟ್ಟವಾದ ನೆರಳಿನಲ್ಲಿ ಅದನ್ನು ಉಪಯೋಗಿಸಿಕೊಳ್ಳುವುದು ಲಂಟಾನವೇ ಹೊರತು ಹುಲ್ಲಲ್ಲ, ಕಾಡಿನ ಎಳೆಯ ಸಸಿಯೂ ಅಲ್ಲ. ಕಣಜ ತುಂಬಿದ್ದರೂ ಬೀಗದ ಕೈ ಒಬ್ಬನಲ್ಲಿಯೇ ಇದ್ದಂತೆ.

ಬಳ್ಳಾರಿ ಜಾಲಿಯೂ ಹೀಗೆಯೇ. ಜಮೈಕಾದಿಂದ ಬೀಜ ತರಿಸಿ ೧೮೭೭ರಲ್ಲಿ ಆಗಿನ ಮದರಾಸು ಪ್ರಾಂತದ ಕಡಪ ಸೀಮೆಯಲ್ಲಿ ಇದನ್ನು ಸೌದೆಗಾಗಿ ಬೆಳೆಸಿದರು. ಇದರ ಬೇರಿನಲ್ಲಿಯೂ ಸಾರಜನಕದ ಗಂಟುಗಳುಂಟು. ಇದರ ಕೆಳಗಿನ ಮಣ್ಣಿನಲ್ಲಿ ಸಾರಜನಕವೂ ಕೊಳೆತ ಪದಾರ್ಥವೂ ಹೆಚ್ಚುವುವು. ಹರಿಯಾಣದ ಕರ್ನಾಲಿನ ಕೇಂದ್ರ ಲವಣಮಣ್ಣು ಸಂಶೋಧನಾಲಯದವರು ಚೌಳುಭೂಮಿಯನ್ನು ಸುಧಾರಿಸುವುದಕ್ಕೆ ಇದನ್ನು ಉಪಯೋಗಿಸಿರುವುದೂ ಉಂಟು. ಆದರೆ ಹುಲ್ಲುಗಾವಲಿನಲ್ಲಿಯೂ ಕೆರೆಯಂಗಳದಲ್ಲಿಯೂ ಇದು ತಾನೇತಾನಾಗಿ ಹಬ್ಬಿದಾಗ ಹುಲ್ಲಿನ ಜಾತಿಗಳು ನಶಿಸುವುವು. ಆ ಹುಲ್ಲಿನ ಬೇರನ್ನು ನಂಬಿದ್ದ ಜೀವಿಗಳೂ ಅವುಗಳೊಡನೆ ಹಿಂಜರಿಯುವುವು.

ಆದ್ದರಿಂದ “ಕಳೆಯಿದ್ದ ನೆಲವೆಲ್ಲವೂ ಬಡ ನೆಲ” ಎಂಬುದು ಸರಿಯಲ್ಲ. “ಗೊಬ್ಬರ ಹಾಕಿದರೆ ಎಲ್ಲವೂ ಸರಿಹೋಗುವುದು” ಎಂಬುದೂ ಸರಿಯಲ್ಲ. ಯಾವ ಕಳೆ, ಯಾವ ನೆಲ, ಎಷ್ಟು ಕಾಲದಿಂದ ಎಂಬುದನ್ನು ವಿಚಾರಿಸಿಯೇ ಮುಂದುವರಿಯತಕ್ಕದ್ದು.

೫. ತಾವೇ ಪರೀಕ್ಷಿಸಿ ನೋಡುವ ಬಗೆ

ಪ್ರಯೋಗಶಾಲೆಯ ನೆರವಿಲ್ಲದೆ ಭೂಮಾಲೀಕರು ಎರಡು ಪರೀಕ್ಷೆಗಳನ್ನು ಮಾಡಬಹುದು.

ಮೊದಲನೆಯದು, ಬೇರುಗಂಟಿನ ಪರೀಕ್ಷೆ. ಬಿತ್ತಿದ ೩೫-೪೫ ದಿವಸಗಳಲ್ಲಿ, ಮೊದಲು ಕಳೆ ತುಂಬಿದ್ದ ಭಾಗದಿಂದ ಹತ್ತು ಅವರೆ ಅಥವಾ ಅಲಸಂದೆ ಗಿಡಗಳನ್ನೂ, ಕಳೆಯಿಲ್ಲದಿದ್ದ ಭಾಗದಿಂದ ಹತ್ತು ಗಿಡಗಳನ್ನೂ ಮಣ್ಣುಸಹಿತ ಅಗೆದು ತೆಗೆಯಬೇಕು. ಜಗ್ಗಿ ಕಿತ್ತರೆ ಗಂಟುಗಳು ನೆಲದಲ್ಲಿಯೇ ಉಳಿಯುವುವು. ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದು ಗಂಟುಗಳನ್ನು ಎಣಿಸಿ, ಕೆಲವನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಕೆಂಪಾಗಿದ್ದರೆ ಗಂಟು ಕೆಲಸಮಾಡುತ್ತಿದೆಯೆಂದೂ, ಬಿಳಿಚಿಕೊಂಡು ಇಲ್ಲವೆ ಹಸುರಾಗಿದ್ದರೆ ಕೆಲಸವಿಲ್ಲವೆಂದೂ ತಿಳಿಯಬೇಕು.

ಎರಡನೆಯದು, ಕುಂಡಗಳ ಪರೀಕ್ಷೆ. ಕಳೆಯ ಬುಡದ ಮಣ್ಣನ್ನೂ, ಅದೇ ಹೊಲದಲ್ಲಿ ಕಳೆಯಿಲ್ಲದ ಕಡೆಯ ಮಣ್ಣನ್ನೂ ಬೇರೆಬೇರೆಯಾಗಿ ತಂದು, ಒಂದೊಂದರಲ್ಲಿಯೂ ಅರ್ಧಭಾಗವನ್ನು ಎರಡು ಗಂಟೆಯ ಕಾಲ ಹಬೆಯಲ್ಲಿ ಬೇಯಿಸಿ ಆರಿಸಬೇಕು. ಹೀಗೆ ದೊರೆತ ನಾಲ್ಕು ಬಗೆಯ ಮಣ್ಣನ್ನು ಕುಂಡಗಳಿಗೆ ತುಂಬಿ, ಸಮನಾಗಿ ರಾಗಿಯನ್ನು ಬಿತ್ತಿ, ಸಮನಾಗಿ ನೀರೆರೆದು ಒಂದು ತಿಂಗಳು ನೋಡಬೇಕು. ಹಸಿಮಣ್ಣಿನ ಕುಂಡಗಳಲ್ಲಿ ಕಳೆಯ ಮಣ್ಣಿನದು ಮಾತ್ರ ಕುಗ್ಗಿ, ಬೇಯಿಸಿದ ಎರಡೂ ಕುಂಡಗಳು ಸಮನಾಗಿ ಬೆಳೆದರೆ, ದೋಷವು ಮಣ್ಣಿನ ಜೀವಿಗಳಲ್ಲಿರುವುದೆಂದು ಊಹಿಸಬಹುದು. ಬೇಯಿಸಿದ ಮೇಲೂ ಕಳೆಯ ಮಣ್ಣಿನ ಪೈರು ಕುಗ್ಗಿಯೇ ಇದ್ದರೆ ಮಣ್ಣಿನ ಸಾರ, ಚೌಳು ಮುಂತಾದ ಬೇರೆ ಕಾರಣಗಳನ್ನು ಹುಡುಕಿ, ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ನಾಲ್ಕೂ ಒಂದೇ ಸಮನಾಗಿದ್ದರೆ ಆ ಹೊಲದಲ್ಲಿ ಕಳೆಯಿಂದ ಮಣ್ಣಿಗೆ ಹೆಚ್ಚಿನ ಕೇಡಾಗಿಲ್ಲವೆಂದು ಸಮಾಧಾನ ತಾಳಬಹುದು.

೬. ಪರಿಹಾರದ ಕ್ರಮಗಳು

(ಅ) ಹೂ ಬಿಡುವುದಕ್ಕೆ ಮುಂಚೆ ಕೀಳಬೇಕು. ಮಳೆ ಬಿದ್ದು ನೆಲ ಮೆತ್ತಗಿರುವಾಗ ಕಾಂಗ್ರೆಸ್ ಗಿಡವು ಬೇರುಸಹಿತ ಬರುವುದು. ಬುಡವನ್ನು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುವುದು. ಇದರ ಸೋಂಕಿನಿಂದ ಚರ್ಮದಲ್ಲಿ ತುರಿಯೂ ಕೆಲವರಿಗೆ ಉಬ್ಬಸವೂ ಬರುವುದರಿಂದ, ಕೆಲಸದವರಿಗೆ ಕೈಗವಸನ್ನೂ ಮೂಗುಬಾಯಿಗೆ ಬಟ್ಟೆಯನ್ನೂ ಒದಗಿಸತಕ್ಕದ್ದು. ಹೂ ಬಂದ ಗಿಡವನ್ನು ಉತ್ತು ಹೂಳಕೂಡದು. ಆಳದಲ್ಲಿ ಹೂತ ಬೀಜವು ಹಲವು ವರ್ಷ ಜೀವ ಹಿಡಿದಿರಬಲ್ಲದು.

(ಆ) ಕಿತ್ತ ಗಿಡವನ್ನು ಕೊಳೆಸಿ ಗೊಬ್ಬರ ಮಾಡಬೇಕು. ಹೂವಿಲ್ಲದ ಎಳೆಯ ಗಿಡಗಳನ್ನು ಕತ್ತರಿಸಿ, ಸಗಣಿಯ ಬಗ್ಗಡವನ್ನೂ ಮಣ್ಣನ್ನೂ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಆಗಾಗ್ಗೆ ತಿರುವಿಹಾಕಿದರೆ, ಗುಂಡಿಯ ಕಾವಿನಲ್ಲಿ ಸೂಕ್ಷ್ಮಾಣುಗಳು ಕಹಿವಸ್ತುವನ್ನು ಒಡೆದುಹಾಕುವುವು. ಅರೆಕೊಳೆತ ಗೊಬ್ಬರವನ್ನು ಹೊಲಕ್ಕೆ ಹಾಕಬಾರದು. ಯುಪಟೋರಿಯಂ ಸೊಪ್ಪನ್ನು ಹೂ ಬರುವುದಕ್ಕೆ ಮುಂಚೆ ಕಡಿದು ಗದ್ದೆಗೂ ತೋಟಕ್ಕೂ ಹಸುರೆಲೆ ಗೊಬ್ಬರವಾಗಿ ಹಾಕುವ ರೂಢಿಯು ಮಲೆನಾಡಿನಲ್ಲಿರುವುದು. ಶತ್ರುವನ್ನು ಕೂಲಿಗೆ ಹಚ್ಚಿದಂತಾಗುವುದರಿಂದ ಈ ರೂಢಿ ಒಳ್ಳೆಯದೇ. ಆದರೆ ಅದರ ಬೇರನ್ನೂ ಬುಡದ ಮಣ್ಣನ್ನೂ ಸಸಿಮಡಿಗಳಿಗೆ ತರಬಾರದು.

(ಇ) ಮಣ್ಣಿಗೆ ಜೀವ ತುಂಬಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವು ಎಲ್ಲಕ್ಕಿಂತ ಮೊದಲನೆಯದು. ಅದು ಸೂಕ್ಷ್ಮಾಣುಗಳಿಗೆ ಆಹಾರವೂ ಹೌದು, ಹೊಸ ಸೂಕ್ಷ್ಮಾಣುಗಳ ಬೀಜವೂ ಹೌದು. ಮೊದಲನೆಯ ವರ್ಷ ಸೆಣಬು, ಹುರುಳಿ ಅಥವಾ ಅಲಸಂದೆಯನ್ನು ಒತ್ತಾಗಿ ಬಿತ್ತಿ, ಹೂ ಬರುವ ಕಾಲಕ್ಕೆ ಉತ್ತು ಮಗುಚಿದರೆ, ಕಳೆಗೆ ಜಾಗವಿಲ್ಲದಂತಾಗಿ ನೆಲಕ್ಕೂ ಬಲ ಬರುವುದು.

(ಈ) ಬೀಜಕ್ಕೆ ರೈಜೋಬಿಯಂ ಲೇಪಿಸಬೇಕು. ೧೦ ಕಿಲೋಗ್ರಾಂ ಬೀಜಕ್ಕೆ ೨೦೦ ಗ್ರಾಂ ಪುಡಿಯನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ ಸವರಿ, ನೆರಳಿನಲ್ಲಿ ಒಣಗಿಸಿ, ಅದೇ ದಿನ ಬಿತ್ತತಕ್ಕದ್ದು. ಪ್ರತಿಯೊಂದು ಬೆಳೆಗೂ ಅದರದರ ಪೊಟ್ಟಣವನ್ನೇ ಕೇಳಿ ತರಬೇಕು. ನೆಲಗಡಲೆಯದನ್ನು ಕಡಲೆಗೆ ಹಾಕಿದರೆ ಪ್ರಯೋಜನವಿಲ್ಲ. ಗಿಡ ಹಳದಿಯಾಯಿತೆಂದು ಯೂರಿಯವನ್ನು ಹೆಚ್ಚಾಗಿ ಸುರಿಯುವುದು ಸಲ್ಲದು; ಸಾರಜನಕ ಧಾರಾಳವಾಗಿ ದೊರೆತರೆ ಗಿಡವು ಗಂಟುಕಟ್ಟುವುದನ್ನೇ ಬಿಡುವುದು. ಆಳುಗಳು ಬರುವ ಹೊತ್ತಿಗೆ ಬಾಗಿಲು ಮುಚ್ಚಿದಂತಾಗುವುದು.

(ಉ) ಉಪಕಾರಿಯಾದ ದುಂಬಿಯನ್ನು ಕಾಪಾಡಬೇಕು. ಕಾಂಗ್ರೆಸ್ ಗಿಡದ ಎಲೆಯನ್ನು ತಿನ್ನುವ ಜೈಗೋಗ್ರಾಮ ಎಂಬ ದುಂಬಿಯನ್ನು ೧೯೮೩ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾಲಯದವರು ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬಿಡುಗಡೆ ಮಾಡಿದರು. ಮಳೆಗಾಲದಲ್ಲಿ ಇದು ಗಿಡಗಳನ್ನು ಬೋಳುಮಾಡುವುದು. ಒಣಗಾಲದಲ್ಲಿ ಮಣ್ಣಿನೊಳಗೆ ಅಡಗಿ ನಿದ್ರಿಸುವುದು. ಇದು ಹೆಚ್ಚಾಗಿ ಕಂಡ ಗೋಮಾಳದಲ್ಲಿ ಕೀಟನಾಶಕ ಸಿಂಪಡಿಸುವುದನ್ನೂ ಬೆಂಕಿಯಿಡುವುದನ್ನೂ ನಿಲ್ಲಿಸತಕ್ಕದ್ದು.

೭. ಊರೊಟ್ಟಿನ ಕೆಲಸ

ಒಬ್ಬ ಭೂಮಾಲೀಕನು ತನ್ನ ಹೊಲವನ್ನು ಎಷ್ಟು ಶುದ್ಧವಾಗಿಟ್ಟರೂ, ಪಕ್ಕದ ಗೋಮಾಳದಲ್ಲಿ ಕಳೆ ಹೂ ಬಿಟ್ಟರೆ ಅವನ ಶ್ರಮವು ವ್ಯರ್ಥವಾಗುವುದು. ಗಾಳಿ, ನೀರು, ದನಗಳ ಗೊರಸು, ಗಾಡಿಗಳ ಚಕ್ರ ಇವುಗಳಿಗೆ ಬದುಗಳ ಎಲ್ಲೆಯಿಲ್ಲ. ಆದಕಾರಣ ಈ ಕೆಲಸವು ಗ್ರಾಮಮುಖಂಡರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು.

ಮುಂಗಾರಿಗೆ ಮೊದಲು ಊರಿನ ಗೋಮಾಳ, ಕೆರೆಯ ಏರಿ, ಶಾಲೆಯ ಆವರಣ, ಬಂಡಿದಾರಿಗಳಲ್ಲಿ ಯಾವ ಕಳೆ ಎಲ್ಲಿದೆಯೆಂಬುದನ್ನು ಪಟ್ಟಿಮಾಡಬೇಕು. ಮೊದಲ ಒಳ್ಳೆಯ ಮಳೆಯಾದ ಮೂರು ನಾಲ್ಕು ವಾರಗಳೊಳಗೆ ಒಂದು ದಿನವನ್ನು ಗೊತ್ತುಮಾಡಿ ಮನೆಗೊಬ್ಬರಂತೆ ಸೇರಿ ಕೀಳಬೇಕು. ತಡವಾಗಿ ಮೊಳೆತ ಗಿಡಗಳಿಗಾಗಿ ಇನ್ನೊಂದು ಸಾರಿ ಇದೇ ಕೆಲಸವನ್ನು ಮಾಡತಕ್ಕದ್ದು. ಎಷ್ಟು ಜಾಗಕ್ಕೆ ಮರಳಿ ಹುಲ್ಲು ಬಿತ್ತುವುದಕ್ಕೆ ಸಾಧ್ಯವೋ ಅಷ್ಟನ್ನು ಮಾತ್ರ ಒಂದು ವರ್ಷದಲ್ಲಿ ತೆರವುಮಾಡುವುದು ಲೇಸು. ಬರಿಯ ನೆಲವನ್ನು ಬಿಟ್ಟರೆ ಅದೇ ಕಳೆ ಇಮ್ಮಡಿಯಾಗಿ ಬರುವುದು. ಬೋಳಾದ ಜಾಗದಲ್ಲಿ ತಗಚೆಯ ಬೀಜವನ್ನೂ ಸ್ಥಳದ ಹುಲ್ಲುಗಳ ಬೀಜವನ್ನೂ ಚೆಲ್ಲಿ, ಒಂದು ಮಳೆಗಾಲ ದನಗಳನ್ನು ಬಿಡದೆ ಕಾಯಬೇಕು.

ಇದರಲ್ಲಿ ಬಡವರ ಹಿತವೂ ಅಡಗಿರುವುದೆಂಬುದನ್ನು ಮುಖಂಡರು ಮರೆಯಬಾರದು. ಭೂಮಿಯುಳ್ಳವನಿಗೆ ಹೊಲದ ಹುಲ್ಲಾದರೂ ಉಂಟು. ಒಂದೆರಡು ಹಸು, ನಾಲ್ಕು ಕುರಿಗಳನ್ನು ಸಾಕಿಕೊಂಡಿರುವ ಭೂಹೀನನಿಗೆ ಗೋಮಾಳವೇ ಗತಿ. ಅದು ಕಳೆಯ ಪಾಲಾದರೆ ಮೊದಲು ಬರಿದಾಗುವುದು ಅವನ ಕೊಟ್ಟಿಗೆ. ಆ ಕೊಟ್ಟಿಗೆ ಬರಿದಾದರೆ ಊರಿನ ಹೊಲಗಳಿಗೆ ಬರುವ ಗೊಬ್ಬರವೂ ಅಷ್ಟರ ಮಟ್ಟಿಗೆ ಕಡಮೆಯಾಗಿ, ಮಣ್ಣಿನ ಜೀವವು ಮತ್ತಷ್ಟು ಕುಂದುವುದು.

ಜ್ಞಾಪಕದಲ್ಲಿಡತಕ್ಕ ಅಂಶಗಳು

೧. ಪರದೇಶದ ಕಳೆಯು ನೆಲದ ಮೇಲಿನ ಜಾಗವನ್ನಲ್ಲದೆ ನೆಲದೊಳಗಿನ ಜೀವಿಗಳ ಸಮತೂಕವನ್ನೂ ಕೆಡಿಸುವುದು.

೨. ಕಾಂಗ್ರೆಸ್ ಗಿಡವು ಮಿತ್ರ ಸೂಕ್ಷ್ಮಾಣುಗಳನ್ನು ಕುಂದಿಸುವುದು. ಯುಪಟೋರಿಯಂ ಶತ್ರು ಶಿಲೀಂಧ್ರವನ್ನು ಬೆಳೆಸುವುದು. ಲಂಟಾನವೂ ಬಳ್ಳಾರಿ ಜಾಲಿಯೂ ಮಣ್ಣಿನ ಸಾರವನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುವುವು.

೩. ಬೇರುಗಂಟನ್ನು ಸೀಳಿ ನೋಡಿ ಮಣ್ಣಿನ ಸ್ಥಿತಿಯನ್ನು ತಿಳಿಯಬಹುದು.

೪. ಹೂವಿಗೆ ಮುಂಚೆ ಕೀಳುವುದು, ಕೊಳೆಸುವುದು, ಕಳಿತ ಗೊಬ್ಬರ ಹಾಕುವುದು, ರೈಜೋಬಿಯಂ ಲೇಪಿಸಿದ ದ್ವಿದಳ ಬೀಜವನ್ನು ಬಿತ್ತುವುದು: ಈ ನಾಲ್ಕನ್ನೂ ಕ್ರಮವಾಗಿ ಮಾಡಬೇಕು, ಒಂದನ್ನು ಬಿಟ್ಟರೆ ಮಿಕ್ಕವುಗಳ ಫಲವೂ ಕುಂದುವುದು.

೫. ಒಂದು ವರ್ಷದ ಕೆಲಸದಿಂದ ತೃಪ್ತರಾಗಬಾರದು. ಹೂತ ಬೀಜವು ಮುಗಿಯುವವರೆಗೆ ಪ್ರತಿವರ್ಷವೂ ಊರಿನವರೆಲ್ಲರೂ ಕೂಡಿ ದುಡಿಯತಕ್ಕದ್ದು.